ಮನೆಯ ಸೌರ ವಿದ್ಯುತ್ ಉತ್ಪಾದನೆಯಲ್ಲಿ ಹಠಾತ್ ಇಳಿಕೆ: ಕಾರಣ ಪತ್ತೆಯ ಕ್ರಮ ಹಾಗೂ ಲೆಕ್ಕಾಚಾರ

ಮನೆಯ ಮಾಳಿಗೆಯ ಮೇಲೆ ಸೌರ ವಿದ್ಯುತ್ ಘಟಕವನ್ನು ಅಳವಡಿಸುವುದು ಇತ್ತೀಚಿನ ವರ್ಷಗಳಲ್ಲಿ ವರ್ತಕ ಹಾಗೂ ಉದ್ದಿಮೆದಾರ ಕುಟುಂಬಗಳಲ್ಲಿ ಸಾಮಾನ್ಯ ಹೂಡಿಕೆಯಾಗಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯು ಮನೆಗಳಿಗೆ ಗರಿಷ್ಠ 78,000 ರೂಪಾಯಿಗಳ ಸಹಾಯಧನವನ್ನು ನಿಗದಿಪಡಿಸಿದ ನಂತರ ಈ ಒಲವು ಇನ್ನಷ್ಟು ಹೆಚ್ಚಿದೆ. ಉಳಿದ ಮೊತ್ತವನ್ನು ಅನೇಕರು ಬ್ಯಾಂಕ್ ಸಾಲದಿಂದ ಭರಿಸಿ, ಉಳಿತಾಯವಾಗುವ ವಿದ್ಯುತ್ ಬಿಲ್ಲಿನಿಂದಲೇ ಮಾಸಿಕ ಕಂತನ್ನು ತೀರಿಸುವ ಲೆಕ್ಕ ಹಾಕಿರುತ್ತಾರೆ.

ಈ ಹೂಡಿಕೆಯ ಏಕೈಕ ಪ್ರತಿಫಲವೆಂದರೆ ಯೂನಿಟ್‌ಗಳು. ಯೂನಿಟ್ ಇಳಿದರೆ ಪ್ರತಿಫಲ ಇಳಿಯಿತು. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಪ್ರತಿ ರಾತ್ರಿ ಎಣಿಸುವ ವರ್ತಕನೂ ಮಾಳಿಗೆಯ ಮೇಲಿನ ಉತ್ಪಾದನೆಯನ್ನು ಎಣಿಸುವುದು ವಿರಳ. ಅರ್ಧ ಘಟಕವೇ ನಿಂತುಹೋಗಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದಕ್ಕೆ ಇದೇ ಕಾರಣ. ಉತ್ಪಾದನೆ ಇದ್ದಕ್ಕಿದ್ದಂತೆ ಕುಸಿದಾಗ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು, ನಷ್ಟವನ್ನು ಹೇಗೆ ಅಳೆಯಬೇಕು, ದುರಸ್ತಿಯ ಹೊಣೆಯನ್ನು ಯಾರ ಮೇಲೆ ಹೊರಿಸಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬಿಲ್ಲು ಏಕೆ ಸತ್ಯವನ್ನು ಹೇಳುವುದಿಲ್ಲ?

ನೆಟ್ ಮೀಟರಿಂಗ್ ವ್ಯವಸ್ಥೆಯಲ್ಲಿ ವಿದ್ಯುತ್ ಸರಬರಾಜು ಕಂಪನಿಯ ಮೀಟರು ಎರಡು ಅಂಕಿಗಳನ್ನು ದಾಖಲಿಸುತ್ತದೆ. ಒಂದು, ಜಾಲದಿಂದ ಪಡೆದ ಯೂನಿಟ್ ಅಂದರೆ ಆಮದು. ಇನ್ನೊಂದು, ಜಾಲಕ್ಕೆ ಕಳುಹಿಸಿದ ಯೂನಿಟ್ ಅಂದರೆ ರಫ್ತು. ಘಟಕವು ಉತ್ಪಾದಿಸಿ ಹಗಲಿನಲ್ಲಿ ಮನೆಯೊಳಗೇ ಬಳಕೆಯಾದ ವಿದ್ಯುತ್ತು ಈ ಮೀಟರಿಗೆ ಕಾಣುವುದಿಲ್ಲ. ಅದು ತಿಳಿಯಬೇಕಾದರೆ ಇನ್‌ವರ್ಟರಿನ ಅಥವಾ ಪ್ರತ್ಯೇಕ ಸೌರ ಮೀಟರಿನ ಅಂಕಿಯನ್ನು ನೋಡಬೇಕು. ಈ ಮೂರು ಅಂಕಿಗಳ ನಡುವಿನ ಸಂಬಂಧ ಸರಳವಾಗಿದೆ:

ಮನೆಯ ಬಳಕೆ = ಉತ್ಪಾದನೆ – ರಫ್ತು + ಆಮದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತಲಾ 540 ವ್ಯಾಟ್‌ನ 10 ಫಲಕಗಳಿರುವ 5.4 ಕಿಲೋವ್ಯಾಟ್ ಘಟಕ. ಕಳೆದ ವರ್ಷದ ಮಾರ್ಚ್ ತಿಂಗಳಲ್ಲಿ ಉತ್ಪಾದನೆ 720, ರಫ್ತು 400, ಆಮದು 150 ಯೂನಿಟ್. ಆದುದರಿಂದ ಬಳಕೆ 470 ಯೂನಿಟ್. ಈ ವರ್ಷದ ಮಾರ್ಚ್‌ನಲ್ಲಿ ರಫ್ತು 190, ಆಮದು 231. ಬಿಲ್ಲನ್ನು ಮಾತ್ರ ನೋಡಿದ ಮನೆಯವರು ಬೇಸಿಗೆ ಬಂದಿದೆ, ಫ್ಯಾನು ಮತ್ತು ಎ.ಸಿ. ಹೆಚ್ಚು ಓಡುತ್ತಿವೆ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಇನ್‌ವರ್ಟರಿನಲ್ಲಿ ಉತ್ಪಾದನೆ 429 ಎಂದಿದೆ. ಸೂತ್ರದಂತೆ 429ರಿಂದ 190 ಕಳೆದು 231 ಸೇರಿಸಿದರೆ ಬಳಕೆ ಮತ್ತೆ 470! ಮನೆಯ ಬಳಕೆ ಒಂದು ಯೂನಿಟ್ಟೂ ಹೆಚ್ಚಿಲ್ಲ. ಬಿಲ್ಲಿನಲ್ಲಿ ಕಂಡ 291 ಯೂನಿಟ್‌ಗಳ ವ್ಯತ್ಯಾಸವೆಲ್ಲವೂ ಉತ್ಪಾದನೆಯ ಕೊರತೆಯೇ. ಲೆಕ್ಕ ತಾಳೆ ನೋಡುವ ಈ ಒಂದು ಹೆಜ್ಜೆಯಿಂದಲೇ ಅರ್ಧ ಪ್ರಶ್ನೆ ಬಗೆಹರಿಯುತ್ತದೆ.

ಮೊದಲ ಹೆಜ್ಜೆ: ಅಂಕಿ ನಿಜವೇ?

ಅನೇಕ ವೇಳೆ ಇಳಿದಿರುವುದು ಉತ್ಪಾದನೆಯಲ್ಲ, ಮಾಹಿತಿ ಮಾತ್ರ. ಇನ್‌ವರ್ಟರಿನಿಂದ ಮೊಬೈಲಿಗೆ ಅಂಕಿಗಳನ್ನು ಕಳುಹಿಸುವ ವೈ-ಫೈ ಉಪಕರಣವು ಸಂಪರ್ಕ ಕಳೆದುಕೊಂಡರೆ ಆ ಅವಧಿಯ ಉತ್ಪಾದನೆ ಮೊಬೈಲಿನಲ್ಲಿ ಶೂನ್ಯವಾಗಿ ಕಾಣಬಹುದು. ಮನೆಯ ಇಂಟರ್‌ನೆಟ್ ಬದಲಾದಾಗ, ಪಾಸ್‌ವರ್ಡ್ ಬದಲಿಸಿದಾಗ ಹೀಗಾಗುವುದು ಸಾಮಾನ್ಯ. ಆದುದರಿಂದ ಮೊದಲು ಇನ್‌ವರ್ಟರಿನ ಪರದೆಯಲ್ಲಿರುವ ಒಟ್ಟು ಸಂಚಿತ ಯೂನಿಟ್ಟನ್ನು ಬರೆದುಕೊಂಡು, ಒಂದು ವಾರದ ನಂತರ ಮತ್ತೆ ಓದಿ, ವ್ಯತ್ಯಾಸವನ್ನು ಮೊಬೈಲಿನ ಅಂಕಿಯೊಂದಿಗೆ ತಾಳೆ ನೋಡತಕ್ಕದ್ದು. ಪ್ರತ್ಯೇಕ ಸೌರ ಮೀಟರ್ ಇದ್ದಲ್ಲಿ ಅದನ್ನೂ ಓದಬೇಕು. ಎರಡೂ ಹೊಂದಿಕೆಯಾದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗುವುದು ಉಚಿತ.

ಎರಡನೆಯ ಹೆಜ್ಜೆ: ಹೋಲಿಕೆ ಸರಿಯೇ?

ಸೌರ ಉತ್ಪಾದನೆಯನ್ನು ಹಿಂದಿನ ತಿಂಗಳಿನೊಂದಿಗೆ ಹೋಲಿಸಬಾರದು; ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಬೇಕು. ಕರ್ನಾಟಕದಲ್ಲಿ ಒಂದು ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂಬುದು ರೂಢಿಯ ಅಂದಾಜು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇದು ಗಣನೀಯವಾಗಿ ತಗ್ಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಇನ್ನೂ ಹೆಚ್ಚು. ಅದು ದೋಷವಲ್ಲ, ಋತುಧರ್ಮ.

ಬಿಸಿಲು ಹೆಚ್ಚಾದಷ್ಟೂ ಉತ್ಪಾದನೆ ಹೆಚ್ಚುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಫಲಕದ ಮೇಲೆ ನಮೂದಿಸಿದ ವ್ಯಾಟ್ ಪ್ರಮಾಣವು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕಿನಲ್ಲಿ ಪರೀಕ್ಷಿಸಿದ್ದು. ಅಲ್ಲಿಂದ ಮುಂದೆ ಪ್ರತಿ ಡಿಗ್ರಿ ಏರಿಕೆಗೆ ಸಾಮರ್ಥ್ಯವು ಸುಮಾರು ಶೇ. 0.3ರಿಂದ 0.4ರಷ್ಟು ತಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕವು 65 ಡಿಗ್ರಿ ತಲುಪಿದರೆ ಶೇ. 12ರಿಂದ 16ರಷ್ಟು ಇಳಿಕೆ ಸಹಜ.

ವರ್ಷಗಳು ಕಳೆದಂತೆ ಫಲಕ ಸವೆಯುವುದೂ ನಿಜ. ಆದರೆ ಆ ಸವಕಳಿ ವರ್ಷಕ್ಕೆ ಶೇ. ಒಂದಕ್ಕಿಂತ ಕಡಿಮೆ. ಆದ್ದರಿಂದ ಒಂದೇ ವಾರದಲ್ಲಿ ಶೇ. 20 ಅಥವಾ 40ರಷ್ಟು ಕುಸಿತವಾದಾಗ ‘ಫಲಕ ಹಳೆಯದಾಯಿತು’ ಎಂಬ ಉತ್ತರವನ್ನು ಯಾರೇ ಕೊಟ್ಟರೂ ಒಪ್ಪತಕ್ಕದ್ದಲ್ಲ.

ಹೋಲಿಕೆಗೆ ಅತ್ಯುತ್ತಮವೂ ಖರ್ಚಿಲ್ಲದ್ದೂ ಆದ ಸಾಧನವೆಂದರೆ ನೆರೆಯವರ ಘಟಕ. ಅದೇ ದಿನದ ಅವರ ಉತ್ಪಾದನೆಯನ್ನು ಅವರ ಕಿಲೋವ್ಯಾಟ್‌ನಿಂದ ಭಾಗಿಸಿ, ತಮ್ಮದನ್ನೂ ಹಾಗೆಯೇ ಭಾಗಿಸಿ ನೋಡಬೇಕು. ಎರಡೂ ಘಟಕಗಳ ದಿಕ್ಕು ಮತ್ತು ಇಳಿಜಾರು ಹೆಚ್ಚುಕಡಿಮೆ ಒಂದೇ ಆಗಿದ್ದು, ಅವರದು 4.4, ತಮ್ಮದು 2.3 ಎಂದಾದರೆ ಆಕಾಶವನ್ನು ದೂರಿ ಪ್ರಯೋಜನವಿಲ್ಲ.

ಮೂರನೆಯ ಹೆಜ್ಜೆ: ದಿನದ ರೇಖೆಯನ್ನು ಓದುವುದು

ಇನ್‌ವರ್ಟರಿನ ಮೊಬೈಲ್ ತಂತ್ರಾಂಶವು ಬೆಳಿಗ್ಗೆಯಿಂದ ಸಂಜೆಯವರೆಗಿನ ಉತ್ಪಾದನೆಯನ್ನು ರೇಖೆಯಾಗಿ ತೋರಿಸುತ್ತದೆ. ಮೋಡವಿಲ್ಲದ ದಿನ ಈ ರೇಖೆಯು ನಯವಾದ ಗುಡ್ಡದಂತಿರಬೇಕು. ಗುಡ್ಡದ ಆಕಾರ ಕೆಟ್ಟಿರುವ ಬಗೆಯಲ್ಲಿಯೇ ದೋಷದ ಸುಳಿವು ಅಡಗಿರುತ್ತದೆ. ಒಂದೊಂದನ್ನೂ ಇಲ್ಲಿ ಪರಿಶೀಲಿಸಬಹುದು.

1. ಗುಡ್ಡ ನಯವಾಗಿದೆ, ಆದರೆ ಕುಳ್ಳಗಾಗಿದೆ. ಇದಕ್ಕೆ ಎರಡು ಮುಖ್ಯ ಕಾರಣಗಳು. ವಾರದಿಂದ ವಾರಕ್ಕೆ ನಿಧಾನವಾಗಿ ಕುಳ್ಳಗಾಗಿದ್ದರೆ ಅದು ಧೂಳು. ಹಿಟ್ಟಿನ ಗಿರಣಿ, ಕಲ್ಲು ಕತ್ತರಿಸುವ ಘಟಕ, ಬಾಯ್ಲರ್ ಚಿಮಣಿ, ಕಚ್ಚಾ ರಸ್ತೆ ಸಮೀಪದಲ್ಲಿದ್ದರೆ ಇದು ಬೇಗ ಆಗುತ್ತದೆ. ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದಿದ್ದರೆ ಅದು ಧೂಳಲ್ಲ. ಫಲಕಗಳ ಒಂದು ಸರಣಿಯೇ ಕಡಿದುಹೋಗಿದೆ ಎಂದರ್ಥ. ಫಲಕಗಳನ್ನು ಮಾಲೆಯಂತೆ ಒಂದಕ್ಕೊಂದು ಜೋಡಿಸಿದ ಸರಣಿಯನ್ನು ‘ಸ್ಟ್ರಿಂಗ್’ ಎನ್ನುತ್ತಾರೆ. ಮಾಲೆಯ ಒಂದು ಕೊಂಡಿ ಕಳಚಿದರೆ ಮಾಲೆಯೆಲ್ಲವೂ ನಿಲ್ಲುತ್ತದೆ. ಎರಡು ಸ್ಟ್ರಿಂಗ್‌ಗಳ ಘಟಕದಲ್ಲಿ ಒಂದು ನಿಂತರೂ ಇನ್‌ವರ್ಟರ್ ಹಸಿರು ದೀಪವನ್ನೇ ತೋರಿಸುತ್ತಿರಬಹುದು. ಮಾಲೀಕರು ಮೋಸಹೋಗುವುದು ಇಲ್ಲಿಯೇ.

2. ಪ್ರತಿದಿನ ಒಂದೇ ಗಂಟೆಗೆ ಗುಂಡಿ ಬೀಳುತ್ತದೆ. ಇದು ನೆರಳು. ಬೆಳೆದ ತೆಂಗಿನ ಗರಿ, ಪಕ್ಕದ ಮನೆಯ ಹೊಸ ಮಹಡಿ, ಹೊಸದಾಗಿ ಇಟ್ಟ ನೀರಿನ ತೊಟ್ಟಿ, ಕೇಬಲ್ಲು ಯಾವುದಾದರೂ ಆಗಬಹುದು. ಸೂರ್ಯನು ದಕ್ಷಿಣಕ್ಕೆ ವಾಲುವ ನವೆಂಬರ್‌ನಿಂದ ಜನವರಿಯವರೆಗೆ ನೆರಳು ಉದ್ದವಾಗುವುದರಿಂದ ಬೇಸಿಗೆಯಲ್ಲಿ ಇಲ್ಲದ ತೊಂದರೆ ಚಳಿಗಾಲದಲ್ಲಿ ಕಾಣಿಸಬಹುದು. ಆ ಗಂಟೆಗೆ ಮಾಳಿಗೆಯಲ್ಲಿ ನಿಂತು ನೋಡುವುದಕ್ಕಿಂತ ಮಿಗಿಲಾದ ಪರೀಕ್ಷೆ ಇಲ್ಲ.

3. ನಡುಹಗಲಿನಲ್ಲಿ ರೇಖೆ ಪದೇಪದೇ ಶೂನ್ಯಕ್ಕೆ ಬಿದ್ದು ಏಳುತ್ತದೆ. ಇಲ್ಲಿ ದೋಷವು ಮಾಳಿಗೆಯಲ್ಲಿಲ್ಲ, ಜಾಲದಲ್ಲಿರುವ ಸಂಭವ ಹೆಚ್ಚು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2013ರಲ್ಲಿ ಹೊರಡಿಸಿದ ತಾಂತ್ರಿಕ ನಿಯಮಗಳ ಪ್ರಕಾರ ಜಾಲದ ವೋಲ್ಟೇಜು ನಿಗದಿತ ಮಟ್ಟದ ಶೇ. 80ರಿಂದ 110ರ ಮಿತಿಯನ್ನು ದಾಟಿದರೆ ಇನ್‌ವರ್ಟರ್ ತಾನೇ ಕಳಚಿಕೊಳ್ಳಬೇಕು. 230 ವೋಲ್ಟ್‌ನ ಒಂಟಿ ಫೇಸ್ ಸಂಪರ್ಕದಲ್ಲಿ ಮೇಲಿನ ಮಿತಿ 253 ವೋಲ್ಟ್. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹಲವು ಮನೆಗಳು ಸೌರ ವಿದ್ಯುತ್ತನ್ನು ರಫ್ತು ಮಾಡುವ ಬೀದಿಗಳಲ್ಲಿ, ಬಳಕೆ ಕಡಿಮೆ ಇರುವ ಭಾನುವಾರದ ಬಿಸಿಲಿನಲ್ಲಿ ವೋಲ್ಟೇಜು ಏರಿ ಹೀಗಾಗುತ್ತದೆ. ಮಾಳಿಗೆಯಿಂದ ಮೀಟರಿನವರೆಗಿನ ತಂತಿ ತೆಳ್ಳಗಿದ್ದರೂ ಇನ್‌ವರ್ಟರಿನ ಬಾಯಲ್ಲಿ ವೋಲ್ಟೇಜು ಏರುತ್ತದೆ. ಅಂತೆಯೇ, ಹಗಲಿನಲ್ಲಿ ವಿದ್ಯುತ್ ಕಡಿತವಾದಷ್ಟು ಹೊತ್ತೂ ಬ್ಯಾಟರಿ ಇಲ್ಲದ ಘಟಕವು ಉತ್ಪಾದನೆ ನಿಲ್ಲಿಸುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಸಿಬ್ಬಂದಿಯ ಸುರಕ್ಷತೆಗಾಗಿ ಇರುವ ಏರ್ಪಾಡಿದು.

4. ಗುಡ್ಡದ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿದೆ. ಇನ್‌ವರ್ಟರಿನ ಸಾಮರ್ಥ್ಯಕ್ಕಿಂತ ಫಲಕಗಳ ಸಾಮರ್ಥ್ಯ ಹೆಚ್ಚಿದ್ದರೆ ಇದು ಸಹಜ. ಮೊದಲು ಇಲ್ಲದೆ ಈಗ ಬಂದಿದ್ದರೆ ಇನ್‌ವರ್ಟರ್ ಕಾದು ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತಿರಬಹುದು. ಗಾಳಿಯಾಡದ ಗೂಡಿನಲ್ಲಿ ಅಥವಾ ನೇರ ಬಿಸಿಲಿನಲ್ಲಿ ಅಳವಡಿಸಿದ್ದು, ಧೂಳಿನಿಂದ ಮುಚ್ಚಿದ ಫ್ಯಾನು ಇದಕ್ಕೆ ಕಾರಣ. ಒಂದು ತಗಡಿನ ನೆರಳು ಮಾಡಿಸಿದರೆ ಸಾಕಾಗುವ ಸಂದರ್ಭಗಳಿವೆ.

5. ಉತ್ಪಾದನೆ ಬೆಳಿಗ್ಗೆ ತಡವಾಗಿ ಆರಂಭವಾಗುತ್ತದೆ. ಮಳೆ ಅಥವಾ ಇಬ್ಬನಿಯ ನಂತರ ಹೀಗಾಗಿ, ಪರದೆಯಲ್ಲಿ ‘ಐಸೊ’ ಅಥವಾ ‘ಇನ್ಸುಲೇಷನ್’ ದೋಷವೆಂದು ಬಂದರೆ, ಎಲ್ಲಿಯೋ ತಂತಿಯ ಹೊದಿಕೆ ಹರಿದು ಅಥವಾ ಜೋಡಣೆಯಲ್ಲಿ ನೀರು ನುಗ್ಗಿ ಭೂಮಿಗೆ ಸೋರಿಕೆಯಾಗುತ್ತಿದೆ ಎಂದರ್ಥ. ಬಿಸಿಲೇರಿ ತೇವ ಆರಿದ ಮೇಲೆ ಯಂತ್ರ ತಾನೇ ಚಾಲನೆಗೊಳ್ಳುವುದರಿಂದ ಅನೇಕರು ಇದನ್ನು ಅಲಕ್ಷಿಸುತ್ತಾರೆ. ಇಲಿ ಕಡಿದ ತಂತಿ ಮುಂದೆ ಆಘಾತಕ್ಕೂ ಬೆಂಕಿಗೂ ಕಾರಣವಾಗಬಹುದಾದ್ದರಿಂದ ಈ ಐದರಲ್ಲಿ ತುರ್ತು ಗಮನ ಬೇಡುವುದು ಇದೇ.

ಬ್ಯಾಟರಿ ಇದ್ದು ಜಾಲಕ್ಕೆ ರಫ್ತು ಇಲ್ಲದ ಘಟಕಗಳಲ್ಲಿ ಬ್ಯಾಟರಿ ತುಂಬಿದೊಡನೆ ಉತ್ಪಾದನೆ ತಾನೇ ತಗ್ಗುತ್ತದೆ. ಕೊಳ್ಳುವವರಿಲ್ಲದ ಸರಕನ್ನು ತಯಾರಿಸದಿರುವಂತೆ ಇದು, ದೋಷವೆಂದು ಎಣಿಸಬಾರದು.

ನಾಲ್ಕನೆಯ ಹೆಜ್ಜೆ: ಸ್ಟ್ರಿಂಗ್‌ಗಳ ಅಂಕಿಗಳನ್ನು ಹೋಲಿಸುವುದು

ಬಹುತೇಕ ಇನ್‌ವರ್ಟರುಗಳು ಫಲಕಗಳ ಕಡೆಯಿಂದ ಬರುವ ವೋಲ್ಟೇಜು ಮತ್ತು ಕರೆಂಟನ್ನು ಒಳಮಾರ್ಗವಾರು ತೋರಿಸುತ್ತವೆ. ಇದಕ್ಕೆ ಯಾವ ಉಪಕರಣವೂ ಬೇಡ, ಗುಂಡಿ ಒತ್ತಿ ಓದಿದರೆ ಸಾಕು. ಸಮಾನ ಸಂಖ್ಯೆಯ ಫಲಕಗಳು ಒಂದೇ ದಿಕ್ಕಿಗೆ ಮುಖಮಾಡಿದ್ದರೆ ಎರಡೂ ಒಳಮಾರ್ಗಗಳ ಅಂಕಿಗಳು ಹೆಚ್ಚುಕಡಿಮೆ ಸಮನಾಗಿರಬೇಕು.

ಒಂದರಲ್ಲಿ ವೋಲ್ಟೇಜು ಮತ್ತು ಕರೆಂಟು ಎರಡೂ ಶೂನ್ಯವಾದರೆ ಫ್ಯೂಸ್ ಹೋಗಿದೆ, ಸ್ವಿಚ್ ಬಿದ್ದಿದೆ ಅಥವಾ ಜೋಡಣೆ ಸುಟ್ಟಿದೆ. ಕರೆಂಟು ಮಾತ್ರ ಕಡಿಮೆ ಇದ್ದರೆ ಧೂಳು ಅಥವಾ ನೆರಳು. ವೋಲ್ಟೇಜು ಮಾತ್ರ ಸ್ವಲ್ಪ ಕಡಿಮೆ ಇದ್ದರೆ ಯಾವುದೋ ಫಲಕದೊಳಗಿನ ಬೈಪಾಸ್ ಡಯೋಡ್ ಕೆಟ್ಟಿರುವ ಸಾಧ್ಯತೆ. ಒಂದು ಫಲಕದಲ್ಲಿ ಸಾಮಾನ್ಯವಾಗಿ 3 ಡಯೋಡ್‌ಗಳಿದ್ದು, ಒಂದು ಕೆಟ್ಟು ಕೂಡಿಕೊಂಡರೆ ಆ ಫಲಕದ ಮೂರನೆಯ ಒಂದು ಭಾಗ ಲೆಕ್ಕದಿಂದ ಹೊರಗೆ ಬೀಳುತ್ತದೆ. 540 ವ್ಯಾಟ್ ಫಲಕದ ಕಾರ್ಯ ವೋಲ್ಟೇಜು ಸುಮಾರು 40 ಆಗಿರುವುದರಿಂದ, ಎರಡು ಸ್ಟ್ರಿಂಗ್‌ಗಳ ನಡುವೆ 13ರಿಂದ 14 ವೋಲ್ಟ್ ಅಂತರ ನಿರಂತರವಾಗಿ ಕಂಡರೆ ಈ ಸಂದೇಹಕ್ಕೆ ಆಧಾರವಿದೆ.

ವ್ಯತ್ಯಾಸದ ವಿಂಗಡಣೆ

ಮೇಲಿನ ಉದಾಹರಣೆಗೆ ಮರಳಿದರೆ, 291 ಯೂನಿಟ್‌ಗಳ ಕೊರತೆಯನ್ನು ಲೆಕ್ಕಪತ್ರದ ವ್ಯತ್ಯಾಸದಂತೆಯೇ ವಿಂಗಡಿಸಬಹುದು. ಎರಡು ವರ್ಷಗಳ ಮಾರ್ಚ್ ತಿಂಗಳ ಬಿಸಿಲು ಸಮಾನವಾಗಿತ್ತೆಂದು ನೆರೆಯವರ ಅಂಕಿಯಿಂದ ಖಚಿತವಾಗಿದೆ ಎಂದಿಟ್ಟುಕೊಳ್ಳೋಣ.

ಕಳೆದ ಮಾರ್ಚ್ ಉತ್ಪಾದನೆ: 720 ಯೂನಿಟ್
ಫಲಕದ ಸಹಜ ಸವಕಳಿ, ಶೇ. 0.7: 5 ಯೂನಿಟ್
ನಡುಹಗಲಿನ ವಿದ್ಯುತ್ ಕಡಿತ, 12 ಗಂಟೆ, ಗಂಟೆಗೆ 3.5 ಯೂನಿಟ್‌ನಂತೆ: 42 ಯೂನಿಟ್
ಉಳಿದ 673ರ ಮೇಲೆ ಧೂಳಿನಿಂದ ಶೇ. 6: 40 ಯೂನಿಟ್
ಉಳಿದ 633ರಲ್ಲಿ, 12ನೇ ತಾರೀಖಿನಿಂದ 20 ದಿನ ಅರ್ಧ ಘಟಕ ಸ್ಥಗಿತ: 204 ಯೂನಿಟ್
ಈ ಮಾರ್ಚ್ ಉತ್ಪಾದನೆ: 429 ಯೂನಿಟ್

ಈ ಪಟ್ಟಿಯ ಪ್ರತಿ ಸಾಲಿಗೂ ಹೊಣೆಗಾರರು ಬೇರೆ ಬೇರೆ. ಸವಕಳಿಗೆ ಯಾರೂ ಹೊಣೆಯಲ್ಲ. ಕಡಿತಕ್ಕೆ ಸರಬರಾಜು ಕಂಪನಿ, ಧೂಳಿಗೆ ಮನೆಯವರೇ, ಸ್ಥಗಿತಗೊಂಡ ಸ್ಟ್ರಿಂಗ್‌ಗೆ ಘಟಕ ಅಳವಡಿಸಿದವರು. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ಕೊನೆಯ ಸಾಲಿನ ನಷ್ಟ 1,224 ರೂಪಾಯಿ. ಇಡೀ ತಿಂಗಳು ಹೀಗೆಯೇ ಇದ್ದರೆ ಸುಮಾರು 1,900 ರೂಪಾಯಿ. ಆರು ತಿಂಗಳು ಗಮನಿಸದಿದ್ದರೆ 11,000 ರೂಪಾಯಿಗಳಿಗೂ ಹೆಚ್ಚು. ಕಾರಣವೋ, ಕೆಲವು ನೂರು ರೂಪಾಯಿಗಳ ಒಂದು ಫ್ಯೂಸ್ ಅಥವಾ ಜೋಡಣೆ ಇರಬಹುದು. ವಿಂಗಡಣೆ ಇಲ್ಲದೆ ‘ಉತ್ಪಾದನೆ ಕಡಿಮೆ’ ಎಂದಷ್ಟೇ ದೂರಿದರೆ ಫಲಕಗಳನ್ನು ತೊಳೆದು ಹೋಗುವುದರಲ್ಲಿ ವಿಷಯ ಮುಗಿಯುತ್ತದೆ. ಆಗ 40 ಯೂನಿಟ್ ಮರಳಿ ಬರುತ್ತದೆ; ಉಳಿದದ್ದು ಹಾಗೆಯೇ ಉಳಿಯುತ್ತದೆ.

ಮಾಲೀಕರು ಮಾಡಬಹುದಾದುದು, ಮಾಡಬಾರದುದು

ಫಲಕಗಳನ್ನು ಬೆಳಿಗ್ಗೆ ಅಥವಾ ಸಂಜೆ, ಗಾಜು ತಣ್ಣಗಿರುವಾಗ, ಮೃದುವಾದ ಬಟ್ಟೆಯಿಂದ ತೊಳೆಯಬಹುದು. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡುವ ಅಪಾಯವಿದೆ. ಗಡಸು ಕೊಳವೆಬಾವಿ ನೀರು ಆರಿದಾಗ ಬಿಳಿ ಪೊರೆ ಕಟ್ಟುವುದರಿಂದ ಮೃದು ನೀರು ಅಥವಾ ಮಳೆನೀರು ಲೇಸು. ಇಳಿಜಾರು ಛಾವಣಿಯ ಮೇಲೆ ಹತ್ತುವುದು, ಫಲಕದ ಮೇಲೆ ಕಾಲಿಡುವುದು ಸಲ್ಲದು. ಹೊರಗೆ ಕಾಣದ ಬಿರುಕು ಒಳಗಿನ ಕೋಶಗಳಲ್ಲಿ ಮೂಡುತ್ತದೆ.

ತಂತಿಯ ಜೋಡಣೆಗಳನ್ನು ಮಾತ್ರ ಮುಟ್ಟಬಾರದು. ಬಿಸಿಲಿರುವವರೆಗೆ ಫಲಕಗಳು ವಿದ್ಯುತ್ ಹರಿಸುತ್ತಲೇ ಇರುತ್ತವೆ. ಮನೆಯ ಮುಖ್ಯ ಸ್ವಿಚ್ ಆರಿಸಿದರೂ ಅವು ಆರುವುದಿಲ್ಲ. ಸ್ಟ್ರಿಂಗ್‌ನ ನೇರ ವಿದ್ಯುತ್ತು ನೂರಾರು ವೋಲ್ಟ್‌ಗಳಷ್ಟಿದ್ದು, ಹರಿವಿರುವಾಗ ಜೋಡಣೆಯನ್ನು ಎಳೆದರೆ ಹುಟ್ಟುವ ಕಿಡಿ ತಾನಾಗಿ ನಂದುವುದಿಲ್ಲ. ಕಾರ್ಖಾನೆಯ ಎಲೆಕ್ಟ್ರೀಷಿಯನ್ ನುರಿತವರಾಗಿದ್ದರೂ ಸೌರ ಘಟಕದ ತರಬೇತಿ ಇಲ್ಲದಿದ್ದರೆ ಈ ಕೆಲಸಕ್ಕೆ ಅವರನ್ನು ಹಚ್ಚುವುದು ವಿವೇಕವಲ್ಲ. ಇನ್‌ವರ್ಟರಿನ ವೋಲ್ಟೇಜು ಮಿತಿಯನ್ನು ಹೆಚ್ಚಿಸಿ ‘ಸರಿಪಡಿಸುವುದು’ ಕೂಡ ನಿಯಮಬಾಹಿರ. ಮನೆಯ ಇತರ ಉಪಕರಣಗಳಿಗೂ ಅದು ಹಾನಿಕರ. ವೋಲ್ಟೇಜಿನ ದಾಖಲೆಯೊಂದಿಗೆ ಸರಬರಾಜು ಕಂಪನಿಗೆ ಲಿಖಿತ ದೂರು ಕೊಡುವುದೇ ಮಾರ್ಗ.

ವಾರಂಟಿ ಮತ್ತು ದಾಖಲೆ

ಸೌರ ಘಟಕಕ್ಕೆ ಒಂದೇ ವಾರಂಟಿ ಎಂಬ ಕಲ್ಪನೆ ತಪ್ಪು. ಫಲಕದ ತಯಾರಿಕಾ ದೋಷಕ್ಕೆ ಒಂದು ಅವಧಿ, ಅದರ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ 25 ವರ್ಷಗಳ ಇನ್ನೊಂದು ಅವಧಿ, ಇನ್‌ವರ್ಟರಿಗೆ ಮತ್ತೊಂದು ಅವಧಿ, ಅಳವಡಿಕೆಯ ಕೆಲಸಕ್ಕೆ ಬೇರೊಂದು. ಸೂರ್ಯಘರ್ ಯೋಜನೆಯಡಿ ಅಳವಡಿಸಿದವರು 5 ವರ್ಷ ನಿರ್ವಹಣೆಯ ಹೊಣೆ ಹೊರಬೇಕು. ತಂತಿ, ಫ್ಯೂಸ್, ಜೋಡಣೆಗಳ ದೋಷಗಳು ಹೆಚ್ಚಾಗಿ ಈ ಹೊಣೆಯಡಿ ಬರುವಂಥವು. ಸಿಡಿಲು, ಆಲಿಕಲ್ಲು ಮುಂತಾದವುಗಳಿಂದಾದ ಹಾನಿ ವಾರಂಟಿಯಲ್ಲಿ ಬಾರದು. ಅದಕ್ಕೆ ಗೃಹ ವಿಮೆಯಲ್ಲಿ ಘಟಕವನ್ನು ಹೆಸರಿಸಿ ಸೇರಿಸಿರಬೇಕು.

ದೂರವಾಣಿಯಲ್ಲಿ ಹೇಳಿದ ದೂರಿಗೆ ದಿನಾಂಕವಿರುವುದಿಲ್ಲ. ದೋಷ ಕಂಡ ದಿನವೇ ಇ-ಮೇಲ್ ಮೂಲಕ, ದಿನದ ರೇಖೆಯ ಚಿತ್ರ, ಸ್ಟ್ರಿಂಗ್‌ಗಳ ಅಂಕಿ, ದೋಷ ಸಂಕೇತ ಹಾಗೂ ಮೇಲಿನಂತಹ ವಿಂಗಡಣೆಯನ್ನು ಲಗತ್ತಿಸಿ ದೂರು ಕಳುಹಿಸಿದರೆ ವಾರಂಟಿ ಅವಧಿಯೊಳಗೇ ಹಕ್ಕು ಸಾಧಿಸಿದಂತಾಗುತ್ತದೆ. ಖರೀದಿ ಬಿಲ್ಲು, ಫಲಕಗಳ ಕ್ರಮಸಂಖ್ಯೆ, ಯಾವ ಫಲಕ ಯಾವ ಸ್ಟ್ರಿಂಗ್‌ನಲ್ಲಿದೆ ಎಂಬ ನಕ್ಷೆ ಇವುಗಳನ್ನು ಅಳವಡಿಕೆಯ ದಿನವೇ ಪಡೆದಿಟ್ಟುಕೊಳ್ಳುವುದು ಅವಶ್ಯಕ.

ವರ್ತಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ‘ಗ್ರಾಹಕ’ ಎಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದ ಜೀವನೋಪಾಯಕ್ಕಾಗಿ ಕೊಂಡವರಿಗೆ ಮಾತ್ರ ವಿನಾಯಿತಿ. ಮನೆಯ ಘಟಕದ ಬಿಲ್ಲನ್ನು ಸಂಸ್ಥೆಯ ಹೆಸರಿಗೆ ಮಾಡಿಸಿಕೊಂಡವರು ಮುಂದೆ ಗ್ರಾಹಕ ಆಯೋಗದ ಮುಂದೆ ಹೋಗಬೇಕಾದಾಗ ಈ ಆಕ್ಷೇಪಣೆಯನ್ನು ಎದುರಿಸಬೇಕಾದೀತು. ಮನೆಯ ಘಟಕದ ದುರಸ್ತಿ ವೆಚ್ಚವನ್ನು ವ್ಯಾಪಾರದ ಖರ್ಚಿಗೆ ಹಾಕುವುದೂ ಸರಿಯಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರುವಲ್ಲಿ ಬಳಕೆಗೆ ಅನುಗುಣವಾದ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ತಿಂಗಳಿಗೊಂದು ಸಾಲು

ಇಷ್ಟೆಲ್ಲಕ್ಕೂ ಆಧಾರ ಒಂದು ಚಿಕ್ಕ ಪುಸ್ತಕ. ಪ್ರತಿ ತಿಂಗಳ ಮೀಟರ್ ಓದುವ ದಿನ ಉತ್ಪಾದನೆ, ರಫ್ತು, ಆಮದು ಎಂಬ ಮೂರು ಅಂಕಿಗಳನ್ನು ಬರೆದು, ಬಳಕೆಯನ್ನು ಸೂತ್ರದಿಂದ ಪಡೆದು, ಹಿಂದಿನ ವರ್ಷದ ಅದೇ ತಿಂಗಳ ಉತ್ಪಾದನೆಯನ್ನು ಪಕ್ಕದಲ್ಲಿ ನಮೂದಿಸಬೇಕು. ತೊಳೆದ ದಿನ, ದುರಸ್ತಿಯ ದಿನ, ದೀರ್ಘ ವಿದ್ಯುತ್ ಕಡಿತ ಇದ್ದರೆ ಷರಾ ಬರೆಯಬೇಕು. ಶೇ. 10ಕ್ಕೂ ಮೀರಿದ ಇಳಿಕೆ ಕಂಡ ತಿಂಗಳು ಮೇಲಿನ ನಾಲ್ಕು ಹೆಜ್ಜೆಗಳನ್ನು ಅನುಸರಿಸಬೇಕು. ತಿಂಗಳಿಗೆ ಐದು ನಿಮಿಷದ ಈ ಕೆಲಸಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಡ. ಲೆಕ್ಕ ಬರೆಯುವ ಅಭ್ಯಾಸವೊಂದಿದ್ದರೆ ಸಾಕು. ಆ ಅಭ್ಯಾಸ ವರ್ತಕರಲ್ಲಿ ಈಗಾಗಲೇ ಇದೆ; ಅದನ್ನು ಮಾಳಿಗೆಯವರೆಗೆ ವಿಸ್ತರಿಸುವುದಷ್ಟೇ ಬಾಕಿ.